ಶನಿವಾರದ ಕಪ್ಪು ನಾಯಿ

ಇದನ್ನು ಓದಿ ಕೆಲವರಿಗೆ ಕೋಪ ಬರಬಹುದು... ಬರಲಿ. ನಾನೂ ಕೋಪದಲ್ಲೇ ಬರೆಯುತ್ತಿದ್ದೇನೆ.

ನಮ್ಮ ಪೇಟೆ ಬೀದಿಯ ಹಾರ್ಡ್‌ವೇರ್ ವ್ಯಾಪಾರಿ ಕೆಂಪರಾಜುವಿಗೆ ವ್ಯಾಪಾರ ಕೈಕೊಟ್ಟಿತ್ತು. ಶನಿಕಾಟ, ಶನಿವಾರ ಕಪ್ಪು ನಾಯಿಗೆ ಸಿಹಿ ಹಾಕು ಎಂದು ಯಾರೋ ಜ್ಯೋತಿಷಿ ಹೇಳಿದರು.

ಬೀದಿಯಲ್ಲೇ ಒಂದು ಕಪ್ಪು ನಾಯಿ ಇತ್ತು. ಮಿರಿಮಿರಿ ಮಿಂಚುವ ಮೈ.

ಶನಿವಾರ ಬಂದರೆ ಜಿಲೇಬಿ, ಬೆಲ್ಲ ಸವರಿದ ಚಪಾತಿ. ಉಳಿದ ದಿನ ಬರೀ ಬಿಸ್ಕತ್ತು. ಅಕ್ಕಪಕ್ಕದ ಅಂಗಡಿಯವರೂ ಶುರು ಮಾಡಿದರು... ಪುಣ್ಯ ಯಾರಿಗೆ ಬೇಡ?

ಬರಬರುತ್ತಾ ನಾಯಿಯ ಹೊಳಪು ಹೋಯಿತು. ಕಪ್ಪು ಕೂದಲು ಕೆಂಚಗಾಗಿ ಉದುರತೊಡಗಿತು. ಕೆರೆದು ಕೆರೆದು ಬೆನ್ನೆಲ್ಲ ಗಾಯ...

ಕಪ್ಪೇ ಹೋದ ಮೇಲೆ ಆ ನಾಯಿಯಿಂದ ಯಾರಿಗೇನು ಲಾಭ? ಜಿಲೇಬಿ ಪಕ್ಕದ ಬೀದಿಯ ಇನ್ನೊಂದು ಕಪ್ಪು ನಾಯಿಗೆ ಹೋಯಿತು.

ಒಂದು ಸಂಜೆ ಕೆಂಪರಾಜು ಗೂಡ್ಸ್ ಆಟೋ ಕರೆಸಿ ನಾಯಿಯನ್ನು ಹತ್ತಿಸಿದರು. "ಗಿರಾಕಿಗಳು ಅಸಹ್ಯ ಪಡ್ತಾರೆ. ಊರಾಚೆ ಬಿಟ್ಟು ಬಾರಪ್ಪ."

ಎದುರಿನ ಎಗ್‌ರೈಸ್ ಗಾಡಿಯ ಪುಟ್ಟತಾಯಮ್ಮ ಸೌಟು ಹಿಡಿದೇ ಬಂದು ಆಟೋಗೆ ಅಡ್ಡ ನಿಂತರು.

"ಎಲ್ಲಿಗಪ್ಪಾ ಸವಾರಿ?"

"ನಿಮಗ್ಯಾಕಮ್ಮ? ಅದಕ್ಕೆ ರೋಗ ಬಂದೈತೆ," ಕೆಂಪರಾಜು ಸಿಡುಕಿದರು.

"ನಿನ್ನ ಶನಿ ಕಳೀಲಿ ಅಂತ ಅದಕ್ಕೆ ಬೆಲ್ಲ ತಿನ್ಸಿದ್ದೇ ತಿನ್ಸಿದ್ದು. ಈಗ ಅದಕ್ಕೇ ಶನಿ ಹಿಡ್ಕೊಂಡೈತೆ... ಯಾರು ಗೊತ್ತಾ? ನೀನೇ ಕಣಪ್ಪ!"

ಆಟೋದವನು ಕಿಸಕ್ಕನೆ ನಕ್ಕ. ಕೆಂಪರಾಜು ಅಂಗಡಿಯೊಳಗೆ ಹೋದರು.

ಅದೇ ಆಟೋದಲ್ಲಿ ಪುಟ್ಟತಾಯಮ್ಮ ನಾಯಿಯನ್ನು ಪಶು ಆಸ್ಪತ್ರೆಗೆ ಒಯ್ದರು.

ಡಾಕ್ಟರ್ ಪರೀಕ್ಷೆ ಮಾಡಿ, "ಇದು ಅಂಟುರೋಗ ಅಲ್ಲಮ್ಮ. ಊಟ ಸರಿಯಿಲ್ಲ. ಚರ್ಮ, ಕೂದಲು ಚೆನ್ನಾಗಿರಬೇಕು ಅಂದ್ರೆ ಮೊಟ್ಟೆ, ಮೀನು, ಮಾಂಸ ಬೇಕು. ಸಿಹಿ ನಿಲ್ಲಿಸಿ" ಎಂದರು. ಗಾಯಕ್ಕೆ ಔಷಧ ಕೊಟ್ಟರು.

ಅಂದಿನಿಂದ ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ಒಂದಿಷ್ಟು ಅನ್ನ. ಉಪ್ಪು, ಖಾರ, ಈರುಳ್ಳಿ ಇಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಕೂದಲು ಬಂತು... ಕಪ್ಪಗೆ!

ಕಪ್ಪು ಬಂತಲ್ಲ, ಆ ಶನಿವಾರವೇ ಕೆಂಪರಾಜು ಜಿಲೇಬಿ ಪೊಟ್ಟಣ ಹಿಡಿದು ಹಾಜರ್. ಪುಟ್ಟತಾಯಮ್ಮ ಸೌಟು ಎತ್ತಿದರು.

ಆದರೆ ನಾಯಿ ಓಡಿ ಬಂದು ಕೆಂಪರಾಜು ಅವರ ಕೈ ನೆಕ್ಕಿತು. ಊರಾಚೆ ಬಿಡಿಸಲು ಹೊರಟಿದ್ದ ಅದೇ ಕೈ...

ಅದರ ಬೆನ್ನಿನ ಮೇಲೆ ಕೂದಲು ಬಾರದ ಅಂಗೈಯಗಲದ ಕಲೆ ಇನ್ನೂ ಇತ್ತು. ಕೆಂಪರಾಜು ಅದನ್ನು ಮುಟ್ಟಿದರು. ಕಣ್ಣು ತುಂಬಿತು. ಪೊಟ್ಟಣ ಹಾಗೇ ಚೀಲಕ್ಕೆ ಹೋಯಿತು.

ಬುಧವಾರ ಮತ್ತೆ ಬಂದರು. ಕೈಯಲ್ಲಿ ಬೇಯಿಸಿದ ಮೊಟ್ಟೆ.

"ಇವತ್ತು ಶನಿವಾರ ಅಲ್ವಲ್ಲಪ್ಪ?" ಪುಟ್ಟತಾಯಮ್ಮ ಕೆಣಕಿದರು.

"ಅದಕ್ಕೆ ಇವತ್ತೂ ಹಸಿವಾಗ್ತದಲ್ಲಮ್ಮ... ಪಕ್ಕದ ಬೀದೀದಕ್ಕೂ ಹಾಕಿ ಬಂದೆ."

ನಮ್ಮ ಪುಣ್ಯಕ್ಕೆ ಹಾಕುವುದು ಬೇರೆ, ಅದರ ಹೊಟ್ಟೆಗೆ ಹಾಕುವುದು ಬೇರೆ.

ನಿಮ್ಮ ಬೀದಿಯ ನಾಯಿಗೆ ನೀವು ಹಾಕುತ್ತಿರುವುದು... ಯಾರಿಗೆ ಒಳ್ಳೆಯದಾಗಲಿ ಎಂದು?