ದೋಸೆ ಹಂಚಿನ ನೆನಪು

ಕೊಟ್ರಮ್ಮನ ದೋಸೆ ಹಂಚಿಗೆ ಅರಳುಮರಳು ಹಿಡಿದಿತ್ತು. ದಾವಣಗೆರೆಯ ಹಂಚುಗಳೆಲ್ಲ ಮಾತು ಕಲಿತು ಎಷ್ಟೋ ಕಾಲವಾಗಿತ್ತು. ಯಾವ ಗಿರಾಕಿಗೆ ಎಷ್ಟು ಹದ, ಎಷ್ಟು ಬೆಣ್ಣೆ ಎಂಬುದನ್ನು ಅವೇ ನೆನಪಿಟ್ಟುಕೊಳ್ಳುತ್ತಿದ್ದವು. ಇವಳ ಹಂಚು ಮಾತ್ರ ಈಚೆಗೆ ಸಂಜೆಯನ್ನು ಮುಂಜಾನೆ ಎನ್ನುತ್ತಿತ್ತು, ರಜೆಯ ದಿನವೂ ತಾನಾಗಿ ಹೊತ್ತಿಕೊಳ್ಳುತ್ತಿತ್ತು, ತನ್ನ ಹೆಸರನ್ನೇ ಮರೆತಿತ್ತು.

"ಗುಜರಿಗೆ ಹಾಕಾದೇ ಗತಿ ಏನಪ್ಪಾ?" ಎಂದಳು ಕೊಟ್ರಮ್ಮ, ಹಂಚಿಗೆ ಕೇಳದಂತೆ ದನಿ ತಗ್ಗಿಸಿ.

ರಿಪೇರಿಯ ರಜಾಕ್ ಹಂಚಿನ ತಳ ಬಿಚ್ಚಿ, ಕಡಲೆ ಗಾತ್ರದ ಚಿಪ್‌ಗೆ ತಂತಿ ಹಚ್ಚಿ ನೋಡಿದ. ನೋಡುತ್ತ ಅವನ ಕೈ ನಿಂತಿತು.

"ಅರಳುಮರಳಲ್ಲ ಅಕ್ಕಾ. ಒಳಗೆ ಜಾಗ ತುಂಬೈತೆ. ಹೊಸ ಗಿರಾಕಿ ಬಂದಾಗೆಲ್ಲ ತನ್ನ ಸ್ವಂತದ್ದನ್ನೇ ಒಂದೊಂದಾಗಿ ಅಳಿಸ್ಕೊಂಡೈತೆ. ಹೆಸರು, ಹೊತ್ತು, ವಾರ. ಗಿರಾಕಿ ಒಬ್ರನ್ನೂ ಬಿಟ್ಟಿಲ್ಲ ನೋಡ್ರಿ."

"ತೀರಿಕೊಂಡೋರನ್ನೂ?"

"ಅವರೂ ಅದಾರೆ."

ಕೊಟ್ರಮ್ಮ ಸೆರಗಿನಿಂದ ಹಂಚಿನ ಅಂಚನ್ನು ಮೆಲ್ಲಗೆ ಒರೆಸಿದಳು. ರಜಾಕ್ ಹಳೆಯ ಚಿಪ್‌ನ ಪಕ್ಕದಲ್ಲಿ ಇನ್ನೊಂದು ಮೆಮೊರಿ ಚಿಪ್ ಬೆಸೆದು, ತಳ ಮುಚ್ಚಿದ.

"ಈಗ ಬೇಕಾದಷ್ಟು ಜಾಗ ಐತೆ. ಮೊದಲು ಅದರ ಹೆಸರು ಹೇಳಿಕೊಡ್ರಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ಹಂಚೇ ಕೇಳಿತು: "ಈ ರಿಪೇರಿ ಅಣ್ಣಗೆ ದೋಸೆ ಹೆಂಗಿರಬೇಕು?"