ಸರದಾರನ ಮಂಡಿನೋವು

ಸಹೃದಯ ವಾಚಕ ಮಹಾಶಯರೇ, ಊರೂರು ತಿರುಗಿ ಮಂಡಿನೋವಿನ ಎಣ್ಣೆ ಮಾರುತ್ತಿದ್ದ ಗುರುಶಾಂತನ ಮುದಿನಾಯಿ ಸರದಾರನಿಗೂ ಮಂಡಿನೋವಿತ್ತೆಂಬುದನ್ನು ತಾವು ಮೊದಲೇ ಅರಿತಿರತಕ್ಕದ್ದು. ಬಸ್ ನಿಲ್ದಾಣದಲ್ಲಿ ನೆರೆದವರೆಲ್ಲ ಅದರ ಕುಂಟುನಡಿಗೆಯನ್ನು ಕಂಡು ನಕ್ಕರು.

"ಮೊದ್ಲು ಇದ್ರ ಕಾಲಿಗೆ ಹಚ್ಚಪ್ಪ. ಎದ್ದು ಓಡಿದ್ರೆ ನಾವೆಲ್ಲ ತಗೋತೀವಿ," ಎಂದಳು ಮುಂದೆ ಕುಳಿತಿದ್ದ ಅಜ್ಜಿ.

ಬೆಳಗಿನಿಂದ ಒಂದು ಶೀಶೆಯೂ ಮಾರಾಟವಾಗಿರಲಿಲ್ಲ. ಗುರುಶಾಂತನು ಮುಚ್ಚಳ ತೆಗೆದನು. ನಾಯಿ ಆಗಲೇ ನಾಲಿಗೆ ಚಾಚಿತು. ಅವನು ಮುಚ್ಚಳವನ್ನು ಮತ್ತೆ ಬಿಗಿದನು.

"ಕರ್ಪೂರ ಹಾಕಿದೀನಜ್ಜಿ, ನೆಕ್ಕಿದ್ರೆ ನಾಯಿಗೆ ವಿಷ. ದನದ ಡಾಕ್ಟ್ರು ಮಾತ್ರೆ ಕೊಟ್ಟವ್ರೆ, ಅದ್ರಲ್ಲೇ ಇವ್ನು ಇಷ್ಟಾದ್ರೂ ನಡೀತಾನೆ."

"ಹಂಗಾದ್ರೆ ಆ ಡಾಕ್ಟ್ರನ್ನೇ ನಮ್ಗೂ ತೋರ್ಸು ನಡಿ."

ಗುರುಶಾಂತನು ಶೀಶೆಗಳನ್ನು ಚೀಲಕ್ಕೆ ತುಂಬಿ, ಸರದಾರನನ್ನು ಹೆಗಲಿಗೇರಿಸಿಕೊಂಡು ಹೊರಟನು. ಊರಿನ ಮಂಡಿನೋವೆಲ್ಲ ಅವನ ಬೆನ್ನ ಹಿಂದೆ ದನದ ಆಸ್ಪತ್ರೆಯತ್ತ ಕುಂಟುತ್ತ ನಡೆಯಿತು.