ಎರಡನೇ ಮೂಟೆ

ಮೊದಲ ಮೂಟೆಯ ತೆಂಗಿನಕಾಯಿ ಮುಗಿಯುವ ಮುಂಚೆಯೇ ಪಲ್ಲವಿ ಕೂತಿದ್ದ ತಕ್ಕಡಿಯ ತಟ್ಟೆ ನೆಲ ಬಿಟ್ಟು ಏಳತೊಡಗಿತು. ಅಪ್ಪ ಅಡವಿಯಪ್ಪ ಧಾವಿಸಿ ಅದರ ಅಂಚನ್ನು ಕೆಳಕ್ಕೆ ಒತ್ತಿ ಹಿಡಿದ. “ಹಾಕಿ ಸ್ವಾಮಿ, ಇನ್ನೊಂದು ಮೂಟೆ ಐತೆ,” ಎಂದ ಅರ್ಚಕರಿಗೆ.

ಮಗಳು ಹುಷಾರಾದರೆ ಅವಳ ತೂಕದಷ್ಟು ಕಾಯಿಯ ತುಲಾಭಾರ ಎಂದು ಹರಕೆ ಹೊತ್ತವನು ಅವನೇ. ಮನೆಗೆ ಕರ್ಕೊಂಡು ಹೋಗಿ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ, ಹುಷಾರಾಗುವುದನ್ನು ಕಾಯದೆ ತೀರಿಸಲು ಬಂದಿದ್ದ. ಗುಬ್ಬಿಯ ತೋಟದಿಂದ ಕಾಯಿ ತಂದದ್ದು ಮಾತ್ರ ಅವಳು ಪವರ್‌ಲಿಫ್ಟಿಂಗ್‌ನಲ್ಲಿ ಪದಕ ಗೆದ್ದಾಗಿನ ತೂಕಕ್ಕೆ. “ಮೈತೂಕ ಏರಿದ್ರೇನೇ ಎತ್ತೋ ಬಾರಲ್ಲೂ ತೂಕ ಏರೋದು ಕಣಪ್ಪ,” ಎನ್ನುತ್ತಾ ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದ ಹುಡುಗಿ. ತುಮಕೂರಿನ ಜಿಮ್‌ನಲ್ಲಿ ಒಮ್ಮೆ, ಅವಳು ಎತ್ತಿದ ಕಬ್ಬಿಣದ ಬಾರು ನಡುಗಿದ್ದು ಕಂಡು ಅವನು ಅದಕ್ಕೆ ಕೈ ಹಾಕಿ ಹಿಡಿದಿದ್ದಕ್ಕೆ ದಿನವಿಡೀ ಮುನಿಸಿಕೊಂಡಿದ್ದಳು.

ಪಲ್ಲವಿ ಈಗ ಅಪ್ಪನ ಕೈಯ ಮೇಲೆ ತನ್ನ ಕೈ ಇಟ್ಟಳು. ಅದರಲ್ಲಿ ಭಾರವೇ ಇರಲಿಲ್ಲ.

“ತೆಗಿಯಪ್ಪ. ಬೇರೆಯವ್ರು ಮುಟ್ಟಿದ್ರೆ ಲೆಕ್ಕಕ್ಕೆ ಬರಲ್ಲ ಅಂತ ಅವತ್ತೇ ಹೇಳಿರ್ಲಿಲ್ವಾ?”

“ನಾನು ಬೇರೆಯವ್ನೇನವ್ವಾ?”

ಅವಳು ನಕ್ಕಳು. ಅಡವಿಯಪ್ಪ ಕೈ ತೆಗೆದ. ತಟ್ಟೆ ಅವನ ಎದೆಯೆತ್ತರಕ್ಕೆ ಏರಿ ನಿಂತಿತು. ಎರಡನೇ ಮೂಟೆಯ ಬಾಯಿ ಬಿಚ್ಚಿರಲೇ ಇಲ್ಲ.